ಆರಕ್ಕೇರಿ ಇಳಿಯುವ ಮಾಲೆ

27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸಿ ನೋಡಿ. ಮೊಬೈಲು ಬೇಡ, ಒಂದು ಹಾಳೆ, ಒಂದು ಪೆನ್ನು ಸಾಕು. ಮೊದಲು ಒಂದರ ಸಾಲು, ಅದರ ಕೆಳಗೆ ನಲವತ್ತರ ಸಾಲು, ಅದರ ಕೆಳಗೆ ನಾನೂರರ ಸಾಲು.

27994681
1119787240
11197872400

ಬಲತುದಿ ಹೊಂದಿಸಿಕೊಂಡು ಮೂರನ್ನೂ ಕೂಡಿ. ಬಿಡಿ ಸ್ಥಾನದಲ್ಲಿ ಒಂದು ಬೀಳುತ್ತದೆ. ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು. ನಾಲ್ಕು, ಐದು, ಆರು. ಮುಂದೆ ಏಳು ಬರಬಹುದೆಂದು ಕಾಯುತ್ತಿದ್ದರೆ ಐದು ಬರುತ್ತದೆ. ಆಮೇಲೆ ನಾಲ್ಕು, ಮೂರು, ಎರಡು, ಒಂದು. 12345654321. ಕನ್ನಡ ಅಂಕಿಗಳಲ್ಲಿ ೧೨೩೪೫೬೫೪೩೨೧. ಓದಿ ಹೇಳುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಈ ಲೆಕ್ಕ ಇರುವುದು ‘ಗಣಿತಸಾರಸಂಗ್ರಹ’ದಲ್ಲಿ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತ ಶ್ಲೋಕಗಳಲ್ಲಿ ಬರೆದ ಪುಸ್ತಕ ಅದು. ಇವರು ಇಪ್ಪತ್ತನಾಲ್ಕನೆಯ ತೀರ್ಥಂಕರರಲ್ಲ, ಅವರ ಹೆಸರಿನ ಜೈನ ಪಂಡಿತರು. ಪುಸ್ತಕದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿ ಇದೆ. ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ನೃಪತುಂಗನ ಆಶ್ರಯದಲ್ಲಿ.

ನಾನು ಸೇಡಂ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಮಳಖೇಡ, ಅದೇ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಆ ಕಡೆಯ ಮಕ್ಕಳೂ ನನ್ನ ತರಗತಿಯಲ್ಲಿದ್ದರು. ಕೋಟೆಯ ಬುರುಜು ಹತ್ತಿ ಆಡಿ ಬೆಳೆದವರು. ಕವಿರಾಜಮಾರ್ಗದ ಹೆಸರನ್ನು ಕನ್ನಡದ ಪಾಠದಲ್ಲಿ ಕೇಳಿದ್ದರು. ಅದೇ ಅರಸನ ಕಾಲದ ಗಣಿತದ ಪುಸ್ತಕವೊಂದು ಇದೆ, ಅದರ ಲೆಕ್ಕಗಳನ್ನು ಎಂಟನೆಯ ತರಗತಿಯವರೂ ಬಿಡಿಸಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗುಣಾಕಾರ ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗರ ಮುಂದೆ ನಾನು ಬೋರ್ಡಿನ ಮೇಲೆ 27994681 ಬರೆದದ್ದು ಅದಕ್ಕಾಗಿ.

ಒಬ್ಬಳು ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿದಳು. “ಸರ್, ನಂದು ಬರೋಬರ್ ಅದರಿ” ಎಂದಳು. ನಾನಿನ್ನೂ ಅವಳ ಪಟ್ಟಿ ನೋಡಿರಲಿಲ್ಲ. ಬರೋಬರ್ ಅದ ಅಂತ ಹೆಂಗ ಗೊತ್ತಾಯ್ತವ್ವಾ ಎಂದು ಕೇಳಿದೆ. “ನೋಡ್ರಿ ಸರ್, ಆರರ ತನ ಏರಿ ಮತ್ತ ಇಳದದ. ತಪ್ಪಾಗಿದ್ರ ಹಿಂಗ ಬರ್ತಿದ್ದಿಲ್ಲರಿ.”

ಈ ಲೆಕ್ಕದ ಗುಟ್ಟಿನಲ್ಲಿ ಅರ್ಧವನ್ನು ಆ ಹುಡುಗಿ ಹಿಡಿದಿದ್ದಳು. ಮಹಾವೀರಾಚಾರ್ಯರ ಕಾಲದಲ್ಲಿ ಲೆಕ್ಕ ಮಾಡುತ್ತಿದ್ದದ್ದು ಹಲಗೆಯ ಮೇಲೆ ಧೂಳು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಬರೆದು. ಅವರು ಹೇಳುವ ಗುಣಾಕಾರದ ವಿಧಾನಗಳಲ್ಲಿ ಕವಾಟಸಂಧಿ ಒಂದು. ಗುಣಿಸಬೇಕಾದ ಸಂಖ್ಯೆಯನ್ನೂ ಗುಣಕವನ್ನೂ ಒಂದರ ಕೆಳಗೊಂದು ಇಟ್ಟು, ಒಂದೊಂದು ಸ್ಥಾನ ಜರುಗಿಸುತ್ತ, ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯುತ್ತ ಹೋಗಬೇಕು. ಕೊನೆಗೆ ಹಲಗೆಯ ಮೇಲೆ ಉಳಿಯುವುದು ಉತ್ತರ ಮಾತ್ರ. ನಡುವೆ ಎಲ್ಲಿ ಎಡವಿದೆವು ಎಂದು ಹಿಂದೆ ಹೋಗಿ ನೋಡಲು ಏನೂ ಇರುವುದಿಲ್ಲ. ಅಂಥಲ್ಲಿ ಉತ್ತರವೇ ತನ್ನ ಸರಿ ತಪ್ಪನ್ನು ಹೇಳಿಬಿಟ್ಟರೆ ಕಲಿಯುವವನಿಗೆ ಎಷ್ಟು ಅನುಕೂಲ! ಒಂದು ದಶಕ ಏರಿಸುವುದನ್ನು ಮರೆತರೂ ಮಾಲೆ ಹರಿದುಹೋಗುತ್ತದೆ. ಗುರು ಬಂದು ನೋಡುವವರೆಗೆ ಕಾಯಬೇಕಿಲ್ಲ. ಒಂಬತ್ತನ್ನು ಕಳೆದು ತಾಳೆ ನೋಡುವ ಉಪಾಯವಿದೆಯಲ್ಲ, ಅದರಲ್ಲಿ ಎರಡು ಅಂಕಿ ಅದಲುಬದಲಾದರೆ ತಪ್ಪು ಸಿಗುವುದಿಲ್ಲ. ಇಲ್ಲಿ ಅದೂ ಸಿಗುತ್ತದೆ.

ಮಾಲೆ ಎನ್ನುವುದು ನನ್ನ ಮಾತಲ್ಲ. ಇಂಥ ಕೆಲವು ಗುಣಲಬ್ಧಗಳನ್ನು ಮಹಾವೀರಾಚಾರ್ಯರೇ ಕೊರಳ ಆಭರಣವೆಂದು, ರಾಜನ ಕಂಠಿಕೆಯೆಂದು ಕರೆದಿದ್ದಾರೆ. 12345654321ರ ವಿಷಯದಲ್ಲಂತೂ ಅವರು ಅಂಕಿಗಳನ್ನು ಒಂದೊಂದಾಗಿ ಹೇಳುವುದೇ ಇಲ್ಲ. ಒಂದರಿಂದ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂಬ ಅರ್ಥ ಬರುವಂತೆ, ಸಂಖ್ಯೆಯ ಆಕಾರವನ್ನು ಹೇಳಿ ಮುಗಿಸುತ್ತಾರೆ. ಆ ಕಾಲದ ಶಾಸ್ತ್ರಗ್ರಂಥಗಳಲ್ಲಿ ಸಂಖ್ಯೆಗಳನ್ನು ಪದಗಳಲ್ಲಿ ಕಟ್ಟುತ್ತಿದ್ದರು. ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು, ಅಗ್ನಿ ಎಂದರೆ ಮೂರು, ಸಮುದ್ರ ಎಂದರೆ ನಾಲ್ಕು, ಬಾಣ ಎಂದರೆ ಐದು. ಪದಗಳನ್ನು ಬಿಡಿ ಸ್ಥಾನದಿಂದ ಹೇಳುತ್ತ ಹೋಗಬೇಕು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತ ಹೋಗಬೇಕು. ಹೇಳುವ ದಿಕ್ಕು ಒಂದು, ಓದುವ ದಿಕ್ಕು ಇನ್ನೊಂದು. ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗೆ ಈ ತೊಡಕಿಲ್ಲ. ಎಲ್ಲಿಂದ ಹಿಡಿದರೂ ಅದೇ.

ಈಗ ಇನ್ನರ್ಧ ಗುಟ್ಟು. ಇಂಥ ಸಂಖ್ಯೆ ಎಲ್ಲಿಂದ ಬಂತು? ಆರು ಒಂದುಗಳನ್ನು ಸಾಲಾಗಿ ಬರೆಯಿರಿ: 111111. ಅದನ್ನು ಅದರಿಂದಲೇ ಗುಣಿಸಿ. ಒಂದರಿಂದ ಗುಣಿಸಿದರೆ ಬದಲಾಗುವುದು ಏನೂ ಇಲ್ಲ, ಆದ್ದರಿಂದ ಅದೇ ಸಾಲು ಆರು ಸಲ ಬರುತ್ತದೆ. ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿದು, ಹಿಂದೆ ಒಂದು ಸೊನ್ನೆ ಹೆಚ್ಚಾಗುತ್ತದೆ.

111111
1111110
11111100
111111000
1111110000
11111100000

ಬಿಡಿ ಸ್ಥಾನದಲ್ಲಿ ಒಂದೇ ಒಂದು. ಹತ್ತರ ಸ್ಥಾನದಲ್ಲಿ ಎರಡು ಒಂದುಗಳು, ನೂರರಲ್ಲಿ ಮೂರು. ಆರನೆಯ ಸ್ಥಾನದಲ್ಲಿ ಆರೂ ಸಾಲುಗಳು ಒಟ್ಟಿಗೆ ಸಿಗುತ್ತವೆ. ಅಲ್ಲಿಂದ ಎಡಕ್ಕೆ ಹೋದಂತೆ ಒಂದೊಂದೇ ಸಾಲು ಮುಗಿಯುತ್ತ, ಕೊನೆಗೆ ಒಂದು ಉಳಿಯುತ್ತದೆ. ಯಾವ ಸ್ಥಾನದಲ್ಲೂ ಮೊತ್ತ ಹತ್ತು ಮುಟ್ಟುವುದಿಲ್ಲ, ಆದ್ದರಿಂದ ದಶಕ ಏರುವುದಿಲ್ಲ. ಎಣಿಸಿದ್ದು ಎಣಿಸಿದ ಹಾಗೆಯೇ ಉತ್ತರದಲ್ಲಿ ಕೂರುತ್ತದೆ. 12345654321 ಎಂದರೆ 111111ರ ವರ್ಗ.

ಒಟ್ಟು ಎಷ್ಟು ಒಂದುಗಳನ್ನು ಕೂಡಿದೆವು? ಆರು ಸಾಲು, ಸಾಲಿಗೆ ಆರು, ಮೂವತ್ತಾರು. ಉತ್ತರದ ಅಂಕಿಗಳನ್ನು ಕೂಡಿ ನೋಡಿ. 1+2+3+4+5+6+5+4+3+2+1, ಅದೂ 36. ಆ 36ರಿಂದ ಈ ಸಂಖ್ಯೆಯನ್ನು ಗುಣಿಸಿದರೆ ಮತ್ತೊಂದು ವರ್ಗವೇ ಬರುತ್ತದೆ: 444443555556, ಅಂದರೆ 666666ರ ವರ್ಗ. ಕಾರಣ ಕಣ್ಣೆದುರಿಗೇ ಇದೆ. 36 ಎಂಬುದು 6ರ ವರ್ಗ, ಉಳಿದದ್ದು 111111ರ ವರ್ಗ.

ಇಷ್ಟು ಹೇಳಿದರೆ ಮಕ್ಕಳು ಒಪ್ಪುತ್ತಾರೆ, ಆದರೆ ಜಾಣರಾದವರು ತಕ್ಷಣ ಕೇಳುತ್ತಾರೆ: 111111ನ್ನೇ ಎರಡು ಸಲ ಗುಣಿಸಿ ಎನ್ನುವುದು ಬಿಟ್ಟು 27994681, 441 ಎಂದು ಏಕೆ ಕೇಳಿದರು? ಇದಕ್ಕೆ ಉತ್ತರ ಬೇಕಾದರೆ ಮಾಲೆಯನ್ನು ಬಿಚ್ಚಬೇಕು.

12345654321 ಯಾವ ಯಾವ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೆ? ಹನ್ನೊಂದು ಅಂಕಿಯ ಸಂಖ್ಯೆಯನ್ನು ಏಳರಿಂದ, ಹದಿಮೂರರಿಂದ ಭಾಗಿಸುತ್ತ ಕೂರುವುದು ಬೇಸರದ ಕೆಲಸ. ಅದಕ್ಕೊಂದು ಒಳದಾರಿ ಇದೆ, ಅದರ ಹೆಸರು 1001. ಏಳು, ಹನ್ನೊಂದು, ಹದಿಮೂರು, ಈ ಮೂರನ್ನೂ ಗುಣಿಸಿದರೆ 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 12, 345, 654, 321. ಒಂದು ಬಿಟ್ಟು ಒಂದು ಗುಂಪನ್ನು ಕೂಡಿ. 321 ಮತ್ತು 345 ಸೇರಿದರೆ 666. 654 ಮತ್ತು 12 ಸೇರಿದರೂ 666. ಎರಡೂ ಸಮ. ಹೀಗೆ ವ್ಯತ್ಯಾಸ ಸೊನ್ನೆಯಾದರೆ, ಅಥವಾ 1001ರ ಮಗ್ಗಿಯಲ್ಲಿ ಬರುವ ಸಂಖ್ಯೆಯಾದರೆ, ಇಡೀ ಸಂಖ್ಯೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಸಾವಿರವು 1001ಕ್ಕಿಂತ ಒಂದು ಕಡಿಮೆ, ಹತ್ತು ಲಕ್ಷವು 1001ರ ಅಪವರ್ತ್ಯವೊಂದಕ್ಕಿಂತ ಒಂದು ಹೆಚ್ಚು. ಗುಂಪುಗಳು ಒಮ್ಮೆ ಕಳೆಯುವ, ಒಮ್ಮೆ ಕೂಡುವ ಲೆಕ್ಕಕ್ಕೆ ಬರುವುದು ಅದರಿಂದ.

ಇನ್ನು ಗುಂಪುಗಳನ್ನೆಲ್ಲ ಸುಮ್ಮನೆ ಕೂಡಿಬಿಡಿ: 666 ಮತ್ತು 666, ಒಟ್ಟು 1332. ಅದು 37ರ ಮೂವತ್ತಾರು ಪಟ್ಟು. 999 ಎಂಬುದು 27ನ್ನು 37ರಿಂದ ಗುಣಿಸಿದ್ದು, ಹಾಗಾಗಿ 37ಕ್ಕೆ ಈ ಪರೀಕ್ಷೆ ಸಾಕು. ಅಂಕಿಗಳ ಮೊತ್ತ 36 ಆಗಿರುವುದರಿಂದ ಒಂಬತ್ತರಿಂದ ಭಾಗವಾಗುವುದೂ ಖಚಿತ. ಎಲ್ಲವನ್ನೂ ಸೇರಿಸಿ ಬರೆದರೆ 111111 ಎಂದರೆ 3 × 7 × 11 × 13 × 37. ನಮ್ಮ ಸಂಖ್ಯೆ ಅದರ ವರ್ಗವಾದ್ದರಿಂದ, ಈ ಐದು ಅವಿಭಾಜ್ಯ ಸಂಖ್ಯೆಗಳು ಅದರಲ್ಲಿ ಎರಡೆರಡು ಸಲ ಇವೆ. ಬೇರೆ ಯಾವುದೂ ಇಲ್ಲ.

ಇಲ್ಲಿಂದ ಅದರ ಭಾಜಕಗಳನ್ನು ಎಣಿಸುವುದು ಸುಲಭ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆ, ಐದು ಕಡೆ. 3 × 3 × 3 × 3 × 3 = 243 ಭಾಜಕಗಳು. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ, ಒಂದರಿಂದ ಭಾಗಿಸಿದರೆ ಇನ್ನೊಂದು ಸಿಗುತ್ತದೆ. 243 ಬೆಸ ಸಂಖ್ಯೆ, ಆದ್ದರಿಂದ ಒಂದಕ್ಕೆ ಜೋಡಿಯಿಲ್ಲ. ಅದು 111111, ತನಗೆ ತಾನೇ ಜೋಡಿ. ವರ್ಗಸಂಖ್ಯೆಗಳಿಗೆ ಮಾತ್ರ ಇರುವ ಗುಣ ಇದು.

ಅಂದರೆ ಈ ಮಾಲೆಯನ್ನು ಎರಡು ತುಂಡಾಗಿ ಬಿಡಿಸಲು 122 ದಾರಿಗಳಿವೆ. ಮಹಾವೀರಾಚಾರ್ಯರು ಅವುಗಳಲ್ಲಿ ಒಂದನ್ನು ಆರಿಸಿದರು. ಯಾವುದನ್ನು ಬಿಟ್ಟರು ಎನ್ನುವುದೂ ನೋಡಬೇಕಾದದ್ದೇ. 121 × 102030201 ಎಂದು ಕೇಳಬಹುದಿತ್ತು, ಉತ್ತರ ಅದೇ. 12321 × 1002001 ಎಂದೂ ಕೇಳಬಹುದಿತ್ತು. ಈ ನಾಲ್ಕೂ ಸಂಖ್ಯೆಗಳು ತಾವೇ ಚಿಕ್ಕ ಚಿಕ್ಕ ಮಾಲೆಗಳು, ಎಡದಿಂದ ಬಲದಿಂದ ಒಂದೇ. ಆದರೆ ಪ್ರಶ್ನೆಯಲ್ಲೇ ಮಾಲೆ ಕಂಡರೆ ಉತ್ತರದಲ್ಲಿ ಅದು ಬಂದಾಗ ಬೆರಗಾಗುವುದೇನು? ಅವರು ಮೂರನ್ನೂ ಏಳನ್ನೂ ಒಂದು ಕಡೆಗೆ ತೆಗೆದರು. 3 × 7 = 21, ಅದರ ವರ್ಗ 441. ಹನ್ನೊಂದು, ಹದಿಮೂರು, ಮೂವತ್ತೇಳನ್ನು ಇನ್ನೊಂದು ಕಡೆಗೆ ಇಟ್ಟರು. 11 × 13 × 37 = 5291, ಅದರ ವರ್ಗ 27994681. ಹೀಗೆ ಬಿಡಿಸಿದಾಗ ಎರಡು ತುಂಡುಗಳಲ್ಲೂ ಮಾಲೆಯ ಗುರುತು ಉಳಿಯಲಿಲ್ಲ. ಗುಣಿಸಿದವನಿಗೇ ಅದು ಕಾಣಬೇಕು.

ಇದನ್ನು ಅವರು ಹೀಗೆಯೇ ಯೋಚಿಸಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಲ್ಲ, ಇದು ನನ್ನ ಊಹೆ. ಆದರೆ ಬರಿಗಾಳಿಯ ಊಹೆಯಲ್ಲ. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯ ತೆಗೆಯುವ ಕ್ರಮವನ್ನು, ಅದಕ್ಕೆ ನಿರುದ್ಧ ಎಂಬ ಹೆಸರಿಟ್ಟು, ಇದೇ ಪುಸ್ತಕದಲ್ಲಿ ಅವರು ವಿವರಿಸಿದ್ದಾರೆ. ಸಂಖ್ಯೆಗಳನ್ನು ಬಿಡಿಸಿ ಜೋಡಿಸುವುದು ಅವರ ಕೈಗೆ ಒಗ್ಗಿದ ಕೆಲಸ. 27994681ರಂಥ ಸಂಖ್ಯೆ ಅಕಸ್ಮಾತ್ತಾಗಿ ಯಾರ ಕೈಗೂ ಸಿಗುವುದಿಲ್ಲ. ಉತ್ತರದಿಂದ ಹಿಂದಕ್ಕೆ ನಡೆದೇ ಅದನ್ನು ತಲುಪಬೇಕು.

ಆರಕ್ಕೇ ಏಕೆ ನಿಂತರು? ಒಂಬತ್ತರವರೆಗೂ ಹೋಗಬಹುದಿತ್ತು. ನಾಲ್ಕು ಒಂದುಗಳನ್ನು ಒಡೆದರೆ 11 × 101. ಐದನ್ನು ಒಡೆದರೆ 41 × 271. ಏಳು ಒಂದುಗಳಿಂದ ಸಿಗುವುದು 239 × 4649, ಎರಡೂ ಅವಿಭಾಜ್ಯ, ಎರಡೂ ಒರಟು. ಆರು ಒಂದುಗಳ ಸಾಲಿನಲ್ಲಿ ಮಾತ್ರ 3, 7, 11, 13, 37 ಎಂಬ ಐದು ಸಣ್ಣ ಸಂಖ್ಯೆಗಳು ಒಟ್ಟಿಗೆ ಕೂತಿವೆ. ಲೆಕ್ಕ ಕಟ್ಟುವವನಿಗೆ ಅಷ್ಟು ಸಮೃದ್ಧಿ ಅಕ್ಕಪಕ್ಕದಲ್ಲಿ ಎಲ್ಲೂ ಸಿಗುವುದಿಲ್ಲ. ಅದಕ್ಕೂ ಕಾರಣವಿದೆ. ಆರನ್ನು ಎರಡೆರಡಾಗಿ ಹಂಚಬಹುದು, ಮೂರು ಮೂರಾಗಿ ಹಂಚಬಹುದು. ಹಾಗಾಗಿ 111111ರೊಳಗೆ 11 ಇರಲೇಬೇಕು, 111 ಇರಲೇಬೇಕು. 111 ಎಂದರೆ 3 × 37. ಇಷ್ಟನ್ನು ತೆಗೆದರೆ ಉಳಿಯುವುದು 91, ಅದು 7 × 13.

ಎಂಟು ಒಂದುಗಳ ಮಾಲೆಯೂ ಪುಸ್ತಕದಲ್ಲಿದೆ: 152207 × 73 = 11111111. ಈ 73 ಎಂಬುದು ಎಂಟು ಒಂದುಗಳ ಸಾಲಿನಲ್ಲಿ ಅಡಗಿರುವ ಅವಿಭಾಜ್ಯ. ಅದನ್ನು ಹೆಕ್ಕಿ ತೆಗೆದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. 139 × 109 = 15151 ಇದೆ. 333333666667 × 33 ಎಂಬ ದೊಡ್ಡದೊಂದಿದೆ, ಗುಣಿಸಿದರೆ 11000011000011.

ಒಂಬತ್ತು ಒಂದುಗಳದು ಎಲ್ಲಕ್ಕಿಂತ ಪ್ರಸಿದ್ಧ: 12345679 × 9 = 111111111. ಮೊದಲ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ, ಎಂಟು ಇಲ್ಲ. ಅಚ್ಚಿನ ತಪ್ಪಿರಬೇಕು ಎಂದುಕೊಳ್ಳುವವರೇ ಹೆಚ್ಚು. ಎಂಟು ಎಲ್ಲಿ ಹೋಯಿತು ಎಂದು ತಿಳಿಯಲು ಒಂಬತ್ತು ಒಂದುಗಳನ್ನು ಒಂಬತ್ತರಿಂದ ಭಾಗಿಸುತ್ತ ಬನ್ನಿ. 11ರಲ್ಲಿ ಒಂಬತ್ತು ಒಂದು ಸಲ, ಶೇಷ 2. ಮುಂದಿನ ಒಂದನ್ನು ಇಳಿಸಿದರೆ 21, ಎರಡು ಸಲ, ಶೇಷ 3. ಆಮೇಲೆ 31, 41, 51, 61. ಶೇಷ ಒಂದೊಂದೇ ಬೆಳೆಯುತ್ತ, 71ರಲ್ಲಿ ಏಳು ಸಲ ಹೋಗಿ 8 ಉಳಿಯುತ್ತದೆ. ಇನ್ನೊಂದು ಒಂದನ್ನು ಇಳಿಸಿದರೆ 81. ಎಂಟು ಸಲ ಎಂದು ಬರೆಯಲು ಹೋದರೆ ಇನ್ನೂ ಒಂಬತ್ತು ಉಳಿದುಬಿಡುತ್ತದೆ, ಆದ್ದರಿಂದ ಒಂಬತ್ತು ಸಲವೇ ಆಗಬೇಕು. ಶೇಷ ಸೊನ್ನೆ, ಭಾಗಾಕಾರ ಮುಗಿಯಿತು. ಎಂಟಕ್ಕೆ ಜಾಗವೇ ಸಿಗಲಿಲ್ಲ.

ಹತ್ತು ಒಂದುಗಳ ವರ್ಗ ಮಾಡಿದರೂ ಏರಿಕೆಯಲ್ಲಿ ಕಳೆದುಹೋಗುವುದು ಇದೇ ಎಂಟು. ಒಂಬತ್ತು ಒಂದುಗಳ ವರ್ಗ 12345678987654321, ಮಾಲೆ ತುಂಬಿ ನಿಲ್ಲುವುದು ಅಲ್ಲೇ. ಹತ್ತಕ್ಕೆ ಹೋದರೆ ನಡುವಿನ ಸ್ಥಾನದಲ್ಲಿ ಹತ್ತು ಬೀಳುತ್ತದೆ. ಸೊನ್ನೆ ಇಟ್ಟು ದಶಕ ಒಂದನ್ನು ಎಡಕ್ಕೆ ಕೊಟ್ಟರೆ ಅಲ್ಲಿದ್ದ ಒಂಬತ್ತೂ ಹತ್ತಾಗುತ್ತದೆ. ಅಲ್ಲೂ ಸೊನ್ನೆ ಇಟ್ಟು ಇನ್ನೊಂದು ದಶಕ ಕೊಟ್ಟರೆ ಎಂಟು ಇದ್ದದ್ದು ಒಂಬತ್ತಾಗುತ್ತದೆ. ಉತ್ತರ 1234567900987654321. ಏರಿಕೆಯಲ್ಲಿ ಎಂಟಿಲ್ಲ, ಇಳಿಕೆಯಲ್ಲಿ ಇದೆ, ಮಾಲೆ ಹರಿಯಿತು. ಈ ಹರಿಯುವ ಜಾಗವನ್ನು ಮಕ್ಕಳಿಂದಲೇ ಹುಡುಕಿಸಬೇಕು. ಮಾದರಿ ಹತ್ತಾರು ಸಲ ಸರಿಯಾಗಿ ಬಂದರೂ ಕಾರಣ ತಿಳಿಯದೆ ನಂಬಬಾರದು ಎನ್ನುವುದು ಗಣಿತದ ಮೊದಲ ಶಿಸ್ತು, ಅದನ್ನು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ನನಗೆ ಅತ್ಯಂತ ಇಷ್ಟವಾದ ಮಾಲೆ ಬೇರೆಯದು: 142857143 × 7 = 1000000001. ಎರಡು ತುದಿಗೆ ಎರಡು ಒಂದುಗಳು, ನಡುವೆಲ್ಲ ಸೊನ್ನೆ. 142857 ಎಂಬ ಆರಂಕಿಯನ್ನು ಬಲ್ಲವರು ಬಲ್ಲರು. ಅದನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದ 428571, ನಾಲ್ಕರಿಂದ 571428, ಐದರಿಂದ 714285, ಆರರಿಂದ 857142. ಅವೇ ಅಂಕಿಗಳು, ಅದೇ ಕ್ರಮ, ಪ್ರತಿಸಲ ಬೇರೆ ಅಂಕಿಯಿಂದ ಶುರು. ಏಳರಿಂದ ಗುಣಿಸಿದರೆ 999999. ಒಂದನ್ನು ಏಳರಿಂದ ಭಾಗಿಸಿದರೆ ಸಿಗುವ ಆವರ್ತ ದಶಮಾಂಶ ಇದೇ: 0.142857142857 ಎಂದು ಮುಗಿಯದೆ ಹೋಗುತ್ತದೆ. ಮಹಾವೀರಾಚಾರ್ಯರ ಪುಸ್ತಕದಲ್ಲಿ ದಶಮಾಂಶ ಬಿಂದುವಿಲ್ಲ. ಆದರೂ ಏಳರ ಒಳಗಿನ ಈ ಅಂಕಿಗಳು ಅವರ ಕಣ್ಣಿಗೆ ಬಿದ್ದಿದ್ದವು.

ಆರಂಕಿಯ ಈ ಆವರ್ತಕ್ಕೂ ನಮ್ಮ ಆರು ಒಂದುಗಳಿಗೂ ನೇರ ಸಂಬಂಧ. ಏಳು 111111ನ್ನು ಭಾಗಿಸುತ್ತದೆ, ಅದಕ್ಕಿಂತ ಚಿಕ್ಕ ಒಂದುಗಳ ಸಾಲನ್ನು ಭಾಗಿಸುವುದಿಲ್ಲ. ಆದ್ದರಿಂದ ಏಳನೆಯ ಒಂದಂಶದ ಆವರ್ತ ಆರು ಅಂಕಿ. ಹದಿಮೂರೂ ಹಾಗೆಯೇ, ಅದರ ಆವರ್ತ 076923. ಮೂವತ್ತೇಳು 111ನ್ನೇ ಭಾಗಿಸುವುದರಿಂದ ಅದರದು ಮೂರೇ ಅಂಕಿ, 027. ಹನ್ನೊಂದರದು ಎರಡು, 09. ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದ ನಿಯಮದಿಂದ ಇನ್ನೂ ದೊಡ್ಡ ಮಾತು ಹೊರಡುತ್ತದೆ. ಎರಡು ಮತ್ತು ಐದನ್ನು ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ, ಅದು ಒಂದುಗಳದೇ ಯಾವುದೋ ಒಂದು ಸಾಲನ್ನು ಭಾಗಿಸಿಯೇ ತೀರುತ್ತದೆ. ಹದಿನೇಳಕ್ಕೆ ಹದಿನಾರು ಒಂದುಗಳು ಬೇಕು, ಹತ್ತೊಂಬತ್ತಕ್ಕೆ ಹದಿನೆಂಟು. ಆವರ್ತ ದಶಮಾಂಶಗಳ ಈ ವ್ಯವಸ್ಥೆಯನ್ನು ಜರ್ಮನಿಯ ಗೌಸ್ 1801ರ ತನ್ನ ಗ್ರಂಥದಲ್ಲಿ ಕ್ರಮಬದ್ಧವಾಗಿ ಕಟ್ಟಿದ.

ದೊಡ್ಡ ಸಂಖ್ಯೆ ಎಂದ ಕೂಡಲೇ ಉದ್ದ ಎಷ್ಟು ಎಂದು ಕೇಳುವ ಅಭ್ಯಾಸ ನಮ್ಮಲ್ಲಿದೆ. ಉದ್ದದಲ್ಲಿ ಜೈನರನ್ನು ಮೀರಿಸುವವರು ಕಡಿಮೆ. ಮಹಾವೀರಾಚಾರ್ಯರು ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಮಹಾಕ್ಷೋಭ ಎಂದರೆ ಒಂದರ ಮುಂದೆ 23 ಸೊನ್ನೆ. ನಮ್ಮ ಮಾಲೆಯ ಎಡತುದಿಯ ಒಂದು ಆ ಪಟ್ಟಿಯಲ್ಲಿ ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿದೆ. ಜೈನ ಆಗಮಗಳ ಕಾಲಗಣನೆಯಲ್ಲಿ ಶೀರ್ಷಪ್ರಹೇಲಿಕೆ ಎಂಬುದೊಂದಿದೆ. ಒಂದು ಎಣಿಕೆಯಂತೆ ಅದು 84 ಲಕ್ಷವನ್ನು 28 ಸಲ ಇಟ್ಟು ಗುಣಿಸಿದಷ್ಟು ವರ್ಷ. 194 ಅಂಕಿ, ಅದರಲ್ಲಿ ಕೊನೆಯ 140 ಬರೀ ಸೊನ್ನೆ. ಇಷ್ಟು ದೊಡ್ಡದಾದರೂ ಅದನ್ನು ಒಡೆದರೆ 2, 3, 5, 7 ಬಿಟ್ಟು ಬೇರೆ ಅವಿಭಾಜ್ಯ ಇಲ್ಲ. ಹನ್ನೊಂದೇ ಅಂಕಿಯ 12345654321ರಲ್ಲಿ ಐದು ಇವೆ. ನನಗೆ ಎರಡನೆಯದೇ ಹೆಚ್ಚು ಶ್ರೀಮಂತವಾಗಿ ಕಾಣುತ್ತದೆ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳು, 1100ಕ್ಕೂ ಹೆಚ್ಚು ಶ್ಲೋಕಗಳು. ಎಲ್ಲವೂ ಸರಿ ಎನ್ನಲಾಗದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅದರಲ್ಲಿದೆ, ಅದು ನಿಲ್ಲುವ ಮಾತಲ್ಲ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ, ಅದು ಆ ಕಾಲಕ್ಕೆ ಬಹಳ ದೊಡ್ಡ ಮಾತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಗಣಿತ ಬರೆಯಲು ಹನ್ನೆರಡನೆಯ ಶತಮಾನದ ರಾಜಾದಿತ್ಯ ಬರಬೇಕಾಯಿತು, ಆತನ ‘ವ್ಯವಹಾರಗಣಿತ’ ಬೇರೆಯೇ ಪುಸ್ತಕ. ಮಹಾವೀರಾಚಾರ್ಯರ ಮೂಲವನ್ನು ಮದರಾಸಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಅವರ ಕೈಗೆ ಬಂದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಸಾವಿರ ವರ್ಷ ಆ ಲೆಕ್ಕಗಳನ್ನು ನಕಲು ಮಾಡುತ್ತ ಬಂದ ಕೈಗಳಲ್ಲಿ ನಮ್ಮ ನಾಡಿನವೂ ಇದ್ದವು ಎಂದಾಯಿತು.

ಇಷ್ಟಿದ್ದೂ ನಮ್ಮ ಶಾಲೆಗಳಲ್ಲಿ ಗುಣಾಕಾರದ ಅಭ್ಯಾಸಕ್ಕೆ ಬಾಯಿಗೆ ಬಂದ ಅಂಕಿ ಕೊಟ್ಟು ಗುಣಿಸಿ ಎನ್ನುತ್ತೇವೆ. ಉತ್ತರ ಸರಿಯೇ ಎಂದು ತಿಳಿಯಲು ಮಗು ಪುಸ್ತಕದ ಕೊನೆಯ ಹಾಳೆ ತಿರುವಬೇಕು. ಪ್ರತಿ ಅಧ್ಯಾಯಕ್ಕೆ ಒಂದೇ ಒಂದು ಮಾಲೆಯ ಲೆಕ್ಕ ಸೇರಿಸಿದರೂ ಸಾಕು, ಅದಕ್ಕೆ ಹಣ ಬೇಡ, ಸಲಕರಣೆ ಬೇಡ. ಅಪವರ್ತನ ಕಲಿತ ಮಕ್ಕಳು ತಾವೇ ಹೊಸ ಮಾಲೆ ಕಟ್ಟಿ ಗೆಳೆಯರಿಗೆ ಸವಾಲು ಹಾಕಬಹುದು. ನಮ್ಮ ತರಗತಿಯಲ್ಲಿ ಹಾಕುತ್ತಿದ್ದರು. ಮೂರಂಕಿಯ ಯಾವುದಾದರೂ ಸಂಖ್ಯೆಯನ್ನು ಎರಡು ಸಲ ಪಕ್ಕಪಕ್ಕ ಬರೆಸಿ, 358358 ಎಂದಿಟ್ಟುಕೊಳ್ಳಿ, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಲು ಹೇಳಿ, ಕೊನೆಗೆ ಮೊದಲಿನ 358 ಹಿಂದಿರುಗುವುದನ್ನು ತೋರಿಸಿ ಕುಣಿಯುತ್ತಿದ್ದರು.

ಆ ತರಗತಿಯಲ್ಲಿ ಕೊನೆಗೆ ಬರುತ್ತಿದ್ದ ಪ್ರಶ್ನೆಯೊಂದಿದೆ: ಬಿಚ್ಚಲಾಗದ ಮಾಲೆ ಇದೆಯೇ? ಎರಡು ಒಂದುಗಳು, 11, ಅವಿಭಾಜ್ಯ. ಅದಾದ ಮೇಲೆ ಎಷ್ಟು ಒಂದುಗಳನ್ನು ಬರೆದರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಸಿಗುತ್ತದೆ? ಒಂದುಗಳ ಎಣಿಕೆ ಭಾಜ್ಯವಾಗಿದ್ದರೆ ಆಸೆ ಬಿಡಬೇಕು, ಆರಕ್ಕೆ ಆದದ್ದೇ ಅದಕ್ಕೂ ಆಗುತ್ತದೆ. ಎಣಿಕೆ ಅವಿಭಾಜ್ಯವಾಗಿದ್ದರೂ ಭರವಸೆಯಿಲ್ಲ. ಮೂರು, ಐದು, ಏಳು ಒಂದುಗಳು ಒಡೆದುಹೋದದ್ದನ್ನು ಮೇಲೆ ನೋಡಿದೆವು. ಹತ್ತೊಂಬತ್ತು ಒಂದುಗಳನ್ನು ಬರೆದಾಗ ಎರಡನೆಯ ಅವಿಭಾಜ್ಯ ಸಿಗುತ್ತದೆ, ಇಪ್ಪತ್ತಮೂರಕ್ಕೆ ಮೂರನೆಯದು. ನಾಲ್ಕನೆಯದಕ್ಕೆ 317 ಒಂದುಗಳು ಬೇಕು, ಐದನೆಯದಕ್ಕೆ 1031. ಅವು ಅವಿಭಾಜ್ಯವೆಂದು ಸಾಧಿಸಲು ಕಂಪ್ಯೂಟರ್ ಯುಗ ಬರಬೇಕಾಯಿತು. 1031 ಒಂದುಗಳದ್ದು ಖಚಿತವಾದದ್ದು 1980ರ ದಶಕದಲ್ಲಿ. ಆಮೇಲೂ ಇನ್ನಷ್ಟು ಉದ್ದದವು ಸಿಕ್ಕಿವೆ. ಇಂಥವು ಒಂದು ಕಡೆ ಮುಗಿದುಹೋಗುತ್ತವೆಯೋ, ಹುಡುಕಿದಷ್ಟೂ ಸಿಗುತ್ತಲೇ ಇರುತ್ತವೆಯೋ ಎಂಬುದನ್ನು ಇವತ್ತಿನವರೆಗೆ ಯಾರೂ ಸಾಧಿಸಿಲ್ಲ.